ಹದಿನೇಳನೇ ಟ್ಯಾಂಕಿನ ಉಸಿರು

ಜೂರಾಕಾನ್ ಅಕ್ಕನ ಮೇಲೆ ತಪ್ಪು ಹೊರಿಸಿದ ದಿನ ಅವಳನ್ನು ಯಾರೂ ಕರೆದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದನ್ನೆಲ್ಲ ನಮ್ಮ ಕೊಕ್-ಸಾಯ್ ಊರಿನವರು ನಗುನಗುತ್ತ ಹೇಳುತ್ತಾರೆ, ಇದೊಂದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಐದು ಜನ ಹಿರಿಯರು ಒಲೆಯ ಸುತ್ತ ಕೂತು ಚಹಾ ಕುಡಿದು, ಮೂವತ್ತಾರು ವರ್ಷ ಬೆಸುಗೆ ಹಾಕಿದ ಹೆಂಗಸು ಇನ್ನು ಮೇಲೆ ಟ್ಯಾಂಕು ಮಾಡಕೂಡದು ಎಂದು ತೀರ್ಮಾನಿಸಿದರು. ಅವಳ ಮನೆ ಆ ಕೋಣೆಯಿಂದ ಇನ್ನೂರು ಹೆಜ್ಜೆ. ಕಿಟಕಿ ತೆರೆದು ಕೂಗಿದ್ದರೂ ಸಾಕಿತ್ತು.

ನಾನು ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಅವಳ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ. ಅವಳ ಕೆಲಸವನ್ನು ಅದರ ಮೇಲಿಂದ ಇಪ್ಪತ್ತು ವರ್ಷ ನೋಡಿದ್ದೇನೆ. ಹಾಗಾಗಿ ನೋಡಿದ್ದನ್ನೇ ಬರೆಯುತ್ತಿದ್ದೇನೆ, ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ಅವಳ ಅಪ್ಪ ಕುರಿ ಕಾಯುವವನು. ಹತ್ತೊಂಬತ್ತನೇ ವಯಸ್ಸಿಗೆ ಅವಳು ಸೋವಿಯತ್ ಕಾಲದ ಸಾಮೂಹಿಕ ಫಾರಮ್ಮಿನ ಟ್ರ್ಯಾಕ್ಟರ್ ಶೆಡ್ಡಿಗೆ ಕಸ ಗುಡಿಸಲು ಸೇರಿದಳು. ಅಲ್ಲಿ ಬೆಸುಗೆಯವನು ಗೆನ್ರಿಖ್ ಎಂಬ ಜರ್ಮನ್ ಮುದುಕ. ಯುದ್ಧದ ಕಾಲದಲ್ಲಿ ಗಡೀಪಾರಾಗಿ ಬಂದು ಇಲ್ಲೇ ಬೇರುಬಿಟ್ಟವನು. ಅವನ ಕಣ್ಣು ಮಂಜಾಗುತ್ತಿತ್ತು. ಹಾಕಿದ ಗೆರೆ ನೇರ ಬಂತೋ ಇಲ್ಲವೋ ಎಂದು ಗುಡಿಸುವ ಹುಡುಗಿಯನ್ನೇ ಕೇಳುತ್ತಿದ್ದ. ಅವಳು ಒಂದು ದಿನವೂ ಸುಳ್ಳು ಹೇಳಲಿಲ್ಲವಂತೆ. ಮೂರು ತಿಂಗಳಾದ ಮೇಲೆ ಮುದುಕ ಪೊರಕೆ ಕಸಿದುಕೊಂಡು ಬೆಸುಗೆಯ ಹಿಡಿಯನ್ನು ಅವಳ ಕೈಗಿಟ್ಟ. ಅವನು ಕಲಿಸಿದ ನಿಯಮಗಳಲ್ಲಿ ಎರಡನ್ನು ಅವಳು ಕಡೆಯವರೆಗೂ ಹೇಳುತ್ತಿದ್ದಳು. ಹಳೆಯ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತೋರಿಸುವ ಮೊದಲು ಕುತ್ತಿಗೆಯವರೆಗೆ ನೀರು ತುಂಬಬೇಕು. ಕೊಡುವ ಪಾತ್ರೆ ತೆಗೆದುಕೊಳ್ಳಲೂ ಬೇಕು. ಎಷ್ಟು ಪೆಟ್ರೋಲು ಹೊರಗೆ ಹೋಯಿತೋ ಅಷ್ಟು ಗಾಳಿ ಒಳಗೆ ಬರಬೇಕು.

ಫಾರಮ್ಮು ಒಡೆದಾಗ ಎಲ್ಲರಿಗೂ ಪಾಲು ಸಿಕ್ಕಿತು. ಬೇರೆಯವರು ಕುರಿ ಹೊಡೆದುಕೊಂಡು ಹೋದರು, ಯಾಕ್ ಕಟ್ಟಿಕೊಂಡರು. ಜೂರಾಕಾನ್ ತನ್ನ ಪಾಲಿನ ಕುರಿಗಳ ಬದಲು ಹಾಲಿನ ಡೇರಿಯ ಹಿಂದೆ ಬಿದ್ದಿದ್ದ ಸ್ಟೀಲ್ ತೊಟ್ಟಿಯನ್ನು ಕೇಳಿದಳು. ಒಂದೂವರೆ ಮಿಲಿಮೀಟರ್ ದಪ್ಪದ, ತುಕ್ಕು ಹಿಡಿಯದ ಉಕ್ಕು. ಅದನ್ನು ಎಳೆದು ತರಲು ಎರಡು ಟ್ರ್ಯಾಕ್ಟರ್ ಬೇಕಾಯಿತು. ಊರು ವರ್ಷಗಟ್ಟಲೆ ನಕ್ಕಿತು. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು, "ಏನಕ್ಕಾ, ನಿನ್ ತೊಟ್ಟಿ ಈ ವರ್ಷ ಮರಿ ಹಾಕ್ತಾ?"

"ಎರಡು ಹಾಕ್ತು," ಎನ್ನುತ್ತಿದ್ದಳು. "ನಿನ್ ಕುರಿ?"

ಸುಳ್ಳಲ್ಲ. ಆ ತೊಟ್ಟಿಯನ್ನು ಹಾಳೆ ಹಾಳೆಯಾಗಿ ಕತ್ತರಿಸಿ ಅವಳು ಹನ್ನೊಂದು ವರ್ಷದಲ್ಲಿ ಇಪ್ಪತ್ತಮೂರು ಪೆಟ್ರೋಲ್ ಟ್ಯಾಂಕು ಮಾಡಿದಳು. ನಮ್ಮ ಅಲಾಯ್ ಕಣಿವೆಯ ಗಾಡಿಗಳೆಲ್ಲ ಮುದಿ ಗಾಡಿಗಳು. ರಸ್ತೆಗೆ ಎರಚುವ ಉಪ್ಪು ಮತ್ತು ಹಿಮದ ನೀರು ತಾಗಿ ಮೂಲ ಟ್ಯಾಂಕು ಜರಡಿಯಾಗಿರುತ್ತದೆ, ಹೊಸದು ಸಿಗುವುದಿಲ್ಲ. ಅವಳ ಟ್ಯಾಂಕು ಎಪ್ಪತ್ತು ಲೀಟರಿನ ಪೆಟ್ಟಿಗೆ. ಬಾಯಿಗೆ ಹಾಲಿನ ಕ್ಯಾನಿನ ಮುಚ್ಚಳ, ರಬ್ಬರ್ ಬಳೆ, ಒತ್ತಿ ಹಿಡಿಯುವ ಕೊಂಡಿ. ಅದನ್ನು ಮುಚ್ಚಿದರೆ ಧೂಳೂ ನುಗ್ಗದು, ಗಾಳಿಯೂ ನುಗ್ಗದು. ಅದಕ್ಕೇ ಟ್ಯಾಂಕಿನ ನೆತ್ತಿಯಿಂದ ಪೆನ್ಸಿಲ್ ದಪ್ಪದ ಒಂದು ತಾಮ್ರದ ಕೊಳವೆ ಹೊರಟು, ಗಾಡಿಯ ಮೈಗುಂಟ ಕಿಟಕಿಯ ಮಟ್ಟಕ್ಕೆ ಏರಿ, ಊರುಗೋಲಿನ ಹಿಡಿಯಂತೆ ಬಾಗಿ, ಬಾಯಿ ಕೆಳಗೆ ಮಾಡಿ ನಿಲ್ಲುತ್ತಿತ್ತು. ಟ್ಯಾಂಕು ಉಸಿರಾಡುವುದು ಅದೊಂದರಲ್ಲೇ. ಪ್ರತಿ ಟ್ಯಾಂಕನ್ನೂ ಕೂರಿಸಿದ ಮೇಲೆ ಅವಳು ಕೊಳವೆಗೆ ಬಾಯಿಟ್ಟು ಊದುತ್ತಿದ್ದಳು. ಮುಚ್ಚಳ ತೆಗೆದ ಬಾಯಿಗೆ ಗಾಡಿಯ ಒಡೆಯ ಕಿವಿಯಿಟ್ಟು, ಸುಯ್ಯೆಂದು ಕೇಳಿಸಿತು ಎಂದು ಒಪ್ಪಬೇಕು. ಒಪ್ಪಿದ ಮೇಲೆ ಒಂದು ಮೂಲೆಯಲ್ಲಿ ಉಳಿಯಿಂದ ನಂಬರು ಕುಟ್ಟುವಳು.

ಹದಿನೇಳನೇ ನಂಬರಿನದು ಊರಿನ ಆಂಬುಲೆನ್ಸಿಗೆ ಹೋಯಿತು. ಅದು ಬ್ರೆಡ್ಡಿನ ಆಕಾರದ ಹಳೆಯ ಉವಾಜ್ ವ್ಯಾನು, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು. ಅದಕ್ಕೆ ಪೆಟ್ರೋಲು ಹಾಕಿಸುವುದು ಊರಿನ ಮನೆಮನೆಯ ಚಂದಾದಿಂದ. ಆ ಪೆಟ್ರೋಲು ಕಾಯುವ ಹೊಣೆ ಮಾಮಾಸಾಲಿ ಅಜ್ಜನದು. ಹಿರಿಯರ ನ್ಯಾಯಸಭೆಗೆ ಅವನೇ ಮುಖ್ಯಸ್ಥ. ಒಂದು ಹನಿ ಪೆಟ್ರೋಲಿಗೂ ಆಸೆಪಟ್ಟವನಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಮುಚ್ಚಳದ ಕೊಂಡಿ ನೋಡಿದವನೇ ಅದಕ್ಕೊಂದು ಬೀಗ ಜಡಿದು ಕೀಲಿಯನ್ನು ತನ್ನ ಸೊಂಟದ ಪಟ್ಟಿಗೆ ಕಟ್ಟಿಕೊಂಡ. ಜೂರಾಕಾನ್ ಬೇಡವೆಂದಿದ್ದಳು. ದಾರಿಯಲ್ಲಿ ಮುಚ್ಚಳ ತೆಗೆಯಬೇಕಾಗಿ ಬಂದರೆ ಚಾಲಕ ಏನು ಮಾಡಬೇಕು ಎಂದು ಕೇಳಿದ್ದಳು. ಪೆಟ್ರೋಲು ತುಂಬುವುದು ಊರಿನಲ್ಲಿ, ದಾರಿಯಲ್ಲಿ ಏಕೆ ತೆಗೆಯಬೇಕು ಎಂದು ಅಜ್ಜ ಮರುಪ್ರಶ್ನೆ ಹಾಕಿದ್ದ. ಅಲ್ಲಿದ್ದವರೆಲ್ಲ ಅಜ್ಜನ ಮಾತಿಗೆ ತಲೆಯಾಡಿಸಿದರು. ನಾನೂ ಅಲ್ಲಿದ್ದೆ.

ಜನವರಿಯ ಎರಡನೇ ವಾರ, ಮಧ್ಯಾಹ್ನ ಒಂದೂವರೆಗೆ, ಗುಲ್ಸುನ್ ಎಂಬ ತುಂಬು ಬಸುರಿಯನ್ನು ಹತ್ತಿಸಿಕೊಂಡು ಆಂಬುಲೆನ್ಸ್ ಘಾಟಿಯಾಚೆಯ ಆಸ್ಪತ್ರೆಗೆ ಹೊರಟಿತು. ಚಾಲಕ ತುರ್ದುಬೆಕ್, ಜೊತೆಗೊಬ್ಬ ಸೂಲಗಿತ್ತಿ. ಟ್ಯಾಂಕು ತುಂಬಿತ್ತು. ಮೂವತ್ತೆಂಟು ಕಿಲೋಮೀಟರಿಗೆ, ತಾಲ್ದಿಕ್ ಘಾಟಿಯ ನೆತ್ತಿ ಇನ್ನೂ ದೂರವಿರುವಾಗ, ಇಂಜಿನ್ನು ಕೆಮ್ಮಿತು, ನಿಂತಿತು. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ತುರ್ದುಬೆಕ್ ಪೆಟ್ರೋಲಿನ ನಳಿಗೆಯಲ್ಲಿ ನೀರು ಹೆಪ್ಪುಗಟ್ಟಿರಬೇಕೆಂದು ಎಣಿಸಿದ. ಚಳಿಗಾಲದಲ್ಲಿ ಎಲ್ಲರೂ ಮೊದಲು ಎಣಿಸುವುದು ಅದನ್ನೇ. ಫ್ಲಾಸ್ಕಿನ ಬಿಸಿ ಚಹಾ ಸುರಿದ. ಪೆಟ್ರೋಲು ಸೋಸುವ ಬಟ್ಟಲು ಬಿಚ್ಚಿ ತೊಳೆದ. ಇಂಜಿನ್ನು ಒಂದು ನಿಮಿಷ ಬದುಕಿ ಮತ್ತೆ ಸತ್ತಿತು. ಟ್ಯಾಂಕಿನ ಮುಚ್ಚಳ ತೆಗೆದು ನೋಡೋಣವೆಂದು ಅನ್ನಿಸಿತ್ತು ಅಂತ ಆಮೇಲೆ ನನಗೆ ಹೇಳಿದ. ಬೀಗದ ಮುಂದೆ ಸುತ್ತಿಗೆ ಹಿಡಿದು ನಿಂತೂ ಇದ್ದನಂತೆ. ಊರಿನ ಪೆಟ್ರೋಲು, ಹಿರಿಯರ ಬೀಗ. ಒಡೆದವನನ್ನು ಜೀವಮಾನವಿಡೀ ಕಳ್ಳ ಎನ್ನುತ್ತಾರೆ. ಸುತ್ತಿಗೆ ಕೆಳಗಿಟ್ಟು ನಡೆದ. ರಸ್ತೆಯ ಹಿಮ ತಳ್ಳುವವರ ಗುಡಿಸಲು ನಾಲ್ಕು ಕಿಲೋಮೀಟರ್ ಮೇಲಿತ್ತು. ಅವರ ಯಂತ್ರ ಇಳಿದು ಬಂದು ಗುಲ್ಸುನ್‌ಳನ್ನು ಹತ್ತಿಸಿಕೊಂಡಿತು, ಆ ಯಂತ್ರದೊಳಗೇ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಬದುಕಿದರು. ತುರ್ದುಬೆಕ್ ಎಡಗಾಲಿನ ಎರಡು ಬೆರಳು ಕಳೆದುಕೊಂಡ.

ಗಾಡಿಯನ್ನು ಎಳೆದು ತಂದು ಆಡಳಿತ ಕಚೇರಿಯ ಅಂಗಳದಲ್ಲಿ ನಿಲ್ಲಿಸಿದರು. ಟ್ಯಾಂಕಿನ ಅಗಲದ ಮುಖ ತಟ್ಟೆಯಂತೆ ತಗ್ಗಿತ್ತು. ಅದನ್ನು ನೋಡಿದ ಹಿರಿಯರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಳಪೆ ಉಕ್ಕು, ಹೆಂಗಸಿನ ಬೆಸುಗೆ, ಚಳಿಗೆ ಮುದುರಿತು, ಅಷ್ಟೇ. ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಮಾಮಾಸಾಲಿ ಎಲ್ಲರಿಗೂ ಕೇಳುವಂತೆ ಹೇಳಿದ: ಜೂರಾಕಾನ್ ಇನ್ನು ಟ್ಯಾಂಕು ಮಾಡಬಾರದು, ಮಾಡಿದ್ದನ್ನು ಜನ ಬಿಚ್ಚಿಸಿಕೊಳ್ಳುವುದು ಒಳ್ಳೆಯದು.

ಆ ಮಾತು ಅವಳನ್ನು ಮುಟ್ಟಿದ್ದು ಹೇಗೆ? ಶನಿವಾರ ಬೆಳಿಗ್ಗೆ ಒಬ್ಬ ಕುರುಬ ತನ್ನ ಗಾಡಿ ತಂದು ಅವಳ ಬಾಗಿಲಲ್ಲಿ ನಿಲ್ಲಿಸಿ, ಟ್ಯಾಂಕು ಬಿಚ್ಚಿಕೊಡು ಎಂದ. ಒಂಬತ್ತನೇ ನಂಬರು. ಅವನ ಹೆಂಡತಿ ಕಾಯಿಲೆ ಬಿದ್ದಿದ್ದ ವರ್ಷ ಅವಳು ಅದನ್ನು ಸುಮ್ಮನೇ ಮಾಡಿಕೊಟ್ಟಿದ್ದಳು. ಅವನು ಅವಳ ಮುಖ ನೋಡಲಿಲ್ಲ, ಗಾಡಿಯ ಚಕ್ರ ನೋಡುತ್ತ ನಿಂತಿದ್ದ. ಅವಳು ಬಿಚ್ಚಿಕೊಟ್ಟಳು. ಆ ವಾರ ಇನ್ನಿಬ್ಬರು ಬಂದರು. ಅವುಗಳನ್ನೂ ಬಿಚ್ಚಿದಳು. ಮೂರು ಟ್ಯಾಂಕುಗಳನ್ನು ಗೋಡೆಗೆ ಒರಗಿಸಿ, ಉಣ್ಣೆಯ ಬಟ್ಟೆಯಿಂದ ಒರೆಸಿಟ್ಟಳು. ಮಣ್ಣಿನ ಗೋಡೆಯ ಈಚೆಯಿಂದ ನೋಡುತ್ತಿದ್ದ ನನಗೆ ಸಿಟ್ಟು ಬಂತು.

ಆಂಬುಲೆನ್ಸನ್ನು ಮುಟ್ಟಲು ಅವಳಿಗೆ ಅಪ್ಪಣೆ ಇರಲಿಲ್ಲ. ಕಚೇರಿಯ ಬೇಲಿಯಾಚೆ ನಿಂತು, ಇಪ್ಪತ್ತು ಹೆಜ್ಜೆಯಿಂದ ತನ್ನ ಹದಿನೇಳನೆಯದನ್ನು ಬಹಳ ಹೊತ್ತು ನೋಡಿದಳಂತೆ. ಬಂದು ಗೋಡೆಯ ಮೇಲೆ ಮೊಣಕೈಯಿಟ್ಟು ನನ್ನನ್ನು ಕೇಳಿದಳು, "ಮೇಷ್ಟ್ರೇ, ಚಳೀಲಿ ಉಕ್ಕು ಎಷ್ಟು ಮುದುರುತ್ತೆ?"

ಲೆಕ್ಕ ಹಾಕಿ ಹೇಳಿದೆ: ಅರವತ್ತು ಸೆಂಟಿಮೀಟರಿನ ಹಾಳೆ, ಐವತ್ತು ಡಿಗ್ರಿ ಇಳಿದರೆ, ಅರ್ಧ ಮಿಲಿಮೀಟರು.

"ಅಲ್ಲಿ ನನ್ ಮುಷ್ಟಿ ಹಿಡಿಸೋಷ್ಟು ತಗ್ಗಿದೆ," ಎಂದಳು. "ಅದು ಮುದುರಿದ್ದಲ್ಲ. ಯಾರೋ ಕತ್ತು ಹಿಸುಕಿದಾರೆ."

ಅವಳು ಹೇಳಿದ್ದು ಸರಿ. ಇಂಜಿನ್ನಿನ ಪಂಪು ಪೆಟ್ರೋಲನ್ನು ಎಳೆಯುತ್ತಲೇ ಇರುತ್ತದೆ. ಕೊಳವೆ ಮುಚ್ಚಿದ್ದರೆ ಗಾಳಿ ಒಳಗೆ ಬರುವುದಿಲ್ಲ. ಒಳಗಿನ ಒತ್ತಡ ಇಳಿದು ಹೊರಗಿನ ಗಾಳಿ ಟ್ಯಾಂಕನ್ನು ಹಿಸುಕುತ್ತದೆ. ನಮ್ಮ ಎತ್ತರದಲ್ಲಿ ಗಾಳಿಯೇ ತೆಳು, ಬಯಲುಸೀಮೆಯ ಮೂರನೇ ಎರಡು ಭಾಗ. ಇಲ್ಲಿ ಪೆಟ್ರೋಲು ಬೇಗ ಆವಿಯಾಗುತ್ತದೆ, ಪಂಪಿಗೆ ಹನಿ ಸಿಗದೆ ಆವಿ ಸಿಗುತ್ತದೆ. ಇಷ್ಟನ್ನು ನಾನು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದೆ. ಹಿರಿಯರು ಕಾಗದ ಓದುವುದಿಲ್ಲ, ತಾನೇ ಹೋಗುತ್ತೇನೆ ಎಂದು ಹೊರಟಳು.

ಸಭೆ ಮತ್ತೆ ಕೂಡಬೇಕು, ಕೋಣೆಯಲ್ಲಲ್ಲ, ಗಾಡಿಯ ಮುಂದೆ, ಎಂದು ಕೇಳಿದಳು. ಆದದ್ದು ಆಯಿತು, ಜೀವ ಉಳಿಯಿತಲ್ಲ, ಕೆದಕಬೇಡ ಎಂದರು. ಅವಳು ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಮಾರನೆಯ ದಿನವೂ ಕೂತಳು. ಮೂರನೆಯ ದಿನ ಹುರಿದ ಗೋಧಿಯ ಪೊಟ್ಟಣ ತಂದು ಕೂತಳು. ಊರಿನ ಹೆಂಗಸರು ನೀರಿಗೆ ಹೋಗುವಾಗ ಬರುವಾಗ ಅವಳ ಪಕ್ಕ ನಿಲ್ಲತೊಡಗಿದರು. ನಾಲ್ಕನೆಯ ದಿನ ಹಿರಿಯರು ಹೊರಗೆ ಬಂದರು.

ಅರ್ಧ ಊರು ಸೇರಿತ್ತು. ತುರ್ದುಬೆಕ್ ಕಟ್ಟು ಹಾಕಿದ ಕಾಲಿನಲ್ಲಿ ಕುದುರೆಯ ಮೇಲೆ ಬಂದಿದ್ದ. ಮಾಮಾಸಾಲಿಯ ಹೆಂಡತಿ ಬಾತ್ಮಾ ಹೆಂಗಸರ ಮುಂದಿನ ಸಾಲಿನಲ್ಲಿದ್ದಳು. ಜೂರಾಕಾನ್ ಭಾಷಣ ಮಾಡಲಿಲ್ಲ. ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ಬಾಯಿಗಿಟ್ಟು ಗಾಳಿ ಎಳೆದಳು. ಬಾಟಲಿ ಚಟಪಟನೆ ಒಳಕ್ಕೆ ಕುಸಿಯಿತು. ಅದನ್ನು ಟ್ಯಾಂಕಿನ ತಗ್ಗಿನ ಪಕ್ಕ ಹಿಡಿದಳು.

"ಅಜ್ಜ, ಇದು ಕಳಪೆ ಬಾಟ್ಲೀನಾ?"

ಅಜ್ಜ ಗಡ್ಡ ನೀವಿಕೊಂಡ. ಬಾಟಲಿಗೂ ಟ್ಯಾಂಕಿಗೂ ಏನು ಸಂಬಂಧ, ಟ್ಯಾಂಕಿಗೆ ಬಾಯಿಟ್ಟು ಎಳೆದವರಾರು ಎಂದ.

"ಇಂಜಿನ್ನು ಎಳೀತು. ಬೇಸಿಗೆ ಡೇರೆ ನೆತ್ತೀಲಿ ಕಂಡಿ ಯಾಕೆ ಬಿಡ್ತೀರಿ ಅಜ್ಜ? ಅದನ್ನ ಬಿಗಿಯಾಗಿ ಮುಚ್ಚಿ ಒಳಗೆ ಒಲೆ ಹಚ್ಚಿ ಕೂತ್ಕೊಳ್ಳಿ, ನೋಡೋಣ. ನನ್ ಟ್ಯಾಂಕಿಗೂ ಒಂದು ಕಂಡಿ ಬಿಟ್ಟಿದ್ದೆ. ಅದನ್ನ ಯಾರು ಮುಚ್ಚಿದ್ದು ಅಂತ ಕೇಳೋಕ್ಕೇ ನಾಲ್ಕು ದಿನ ಮೆಟ್ಟಲ ಮೇಲೆ ಕೂತಿದ್ದು."

ಕೆಟಲಿನ ಬಿಸಿನೀರನ್ನು ಕೊಳವೆಯ ಬಾಗಿದ ತುದಿಗೆ ಸುರಿದಳು, ತಂತಿಯ ತುದಿ ಕೊಕ್ಕೆ ಮಾಡಿ ಒಳಗೆ ತೂರಿಸಿದಳು. ಎರಡು ಸಲ ಜಾರಿತು. ಮೂರನೆಯ ಸಲ ಹೆಬ್ಬೆರಳಷ್ಟು ಉದ್ದದ, ನೆನೆದ, ಕಂದು ಬಣ್ಣದ ಉಂಡೆಯೊಂದು ಹೊರಗೆ ಬಂತು. ತಕ್ಷಣ ಟ್ಯಾಂಕು ಸುಯ್ಯೆಂದು ಉದ್ದಕ್ಕೆ ಉಸಿರೆಳೆಯಿತು, ಮತ್ತೆ ಢಂ ಎಂದಿತು. ತಗ್ಗಿದ್ದ ಮುಖದ ಅರ್ಧ ಭಾಗ ತಾನಾಗಿ ಮೇಲೆದ್ದಿತ್ತು. ತುರ್ದುಬೆಕ್‌ನ ಕುದುರೆ ಬೆಚ್ಚಿ ಹಿಂದಕ್ಕೆ ಸರಿಯಿತು.

ಉಂಡೆ ಕುರಿಯುಣ್ಣೆಯ ಕಂಬಳಿಯದು, ನಾವು ಬಾಗಿಲ ಸಂದಿಗೆ, ಕಿಟಕಿಯ ಬಿರುಕಿಗೆ, ಬೂಟಿನ ತೂತಿಗೆ ಎಲ್ಲಕ್ಕೂ ತುರುಕುವಂಥದು. ಒಣಗಿದ್ದಾಗ ಅದರಲ್ಲಿ ಗಾಳಿ ಅಷ್ಟಿಷ್ಟು ಹಾಯುತ್ತದೆ. ಹಾಗಾಗಿ ಯಾರಿಗೂ ತಿಳಿದಿರಲಿಲ್ಲ. ಗಾಡಿಯ ಮಾಡಿನ ಹಿಮ ಕರಗಿ ಕೊಳವೆಯ ಗುಂಟ ಇಳಿದ ನೀರನ್ನು ಅದು ದೀಪದ ಬತ್ತಿಯಂತೆ ಹೀರಿಕೊಂಡಿತ್ತು. ನೀರು ಹೆಪ್ಪುಗಟ್ಟಿದ ದಿನ ಕಲ್ಲಾಯಿತು. ಜೂರಾಕಾನ್ ಅದನ್ನು ಹಿಂಡಿ, ಬಿಡಿಸಿ, ಅಂಗೈಯಲ್ಲಿ ಹರಡಿದಳು. ಅಂಚಿನಲ್ಲಿ ಕೆಂಪು ನೀಲಿ ದಾರದ ಓರೆ ಹೊಲಿಗೆ ಕಾಣಿಸಿತು.

ಮುಂದಿನ ಸಾಲಿನಿಂದ ಬಾತ್ಮಾ ಹೇಳಿದಳು, ಜೋರಾಗೇನಲ್ಲ, ಆದರೆ ಎಲ್ಲರಿಗೂ ಕೇಳಿಸಿತು: "ಇದು ನಮ್ಮನೆ ಚಹಾಬಟ್ಟಲಿನ ಚೀಲದ ತಳ. ಸೆಪ್ಟೆಂಬರಿಂದ ಕೇಳ್ತಾನೇ ಇದೀನಿ ಎಲ್ಲೋಯ್ತು ಅಂತ. ಪಕ್ಕದ್ಮನೆ ನಾಯಿ ಕಚ್ಕೊಂಡೋಯ್ತು ಅಂದ್ರಲ್ಲ ನೀವು?"

ಮಾಮಾಸಾಲಿಗೆ ಆಗಲೇ ನೆನಪಾದದ್ದೆಂದು ನಾನು ನಂಬುತ್ತೇನೆ. ಅವನ ಮುಖ ನೋಡಿದವರಾರೂ ಬೇರೆ ಹೇಳಲಾರರು. ಸೆಪ್ಟೆಂಬರಿನಲ್ಲಿ ಘಾಟಿಯಾಚೆ ಯಾರದೋ ವರ್ಷಾಬ್ದಿಯ ಊಟಕ್ಕೆ ಅದೇ ಗಾಡಿಯಲ್ಲಿ ಹೋಗಿದ್ದ. ಘಾಟಿ ಹತ್ತುವಾಗ ಹೊರಗಿನ ಗಾಳಿ ತೆಳುವಾಗುತ್ತ ಹೋಗುತ್ತದೆ, ಟ್ಯಾಂಕು ಆವಿಯನ್ನು ಹೊರಗೆ ಬಿಡುತ್ತದೆ. ಕೊಳವೆಯ ಬಾಯಿ ಪಕ್ಕದ ಬಾಗಿಲ ಮೂಲೆಯಲ್ಲಿ, ಅಜ್ಜ ಕೂತದ್ದು ಆ ಬಾಗಿಲ ಸಂದಿಗೇ. ವಾಸನೆಗೆ ಹೊಟ್ಟೆ ತೊಳೆಸಿತು. ಗಾಡಿ ನಿಲ್ಲಿಸಿದಾಗ, ಸಂದಿ ಕಂಡಲ್ಲಿ ಕಂಬಳಿ ತುರುಕುವ ಎಪ್ಪತ್ತು ವರ್ಷದ ಅಭ್ಯಾಸದ ಕೈ, ಪ್ರಯಾಣಕ್ಕೆ ಚಹಾಬಟ್ಟಲು ಹಾಕಿಕೊಂಡು ಬಂದಿದ್ದ ಹರಕು ಚೀಲದ ತಳ ಕಿತ್ತು ತುರುಕಿತು. ಮನಸ್ಸಿಗೆ ಅದು ತಿಳಿದೇ ಇರಲಿಲ್ಲ. ಹಾಗಿದ್ದೂ ಬೀಗವಿಲ್ಲದಿದ್ದರೆ ತುರ್ದುಬೆಕ್ ಮುಚ್ಚಳ ತೆಗೆದು ಗಾಡಿ ಓಡಿಸುತ್ತಿದ್ದ. ಆ ಬೀಗವೂ ತುರುಕಿದವನದೇ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹಿರಿಯರು ಪರಸ್ಪರ ಮುಖ ನೋಡಿಕೊಂಡು, ಎಲ್ಲ ದೇವರಿಟ್ಟಂತೆ, ಯಾರ ತಪ್ಪೂ ಅಲ್ಲ ಎಂದು ಶುರುಮಾಡಿದರು. ಇಷ್ಟು ದಿನ ಒಬ್ಬಳ ತಪ್ಪಾಗಿದ್ದದ್ದು ಒಂದೇ ಗಳಿಗೆಯಲ್ಲಿ ಯಾರ ತಪ್ಪೂ ಅಲ್ಲದೆ ಹೋಯಿತು! ಒಬ್ಬರು ಒಳಗಿನಿಂದ ಹೊಸ ನಿಲುವಂಗಿ ತಂದರು. ನಮ್ಮಲ್ಲಿ ಮನ ನೊಂದವರ ಹೆಗಲಿಗೆ ನಿಲುವಂಗಿ ಹೊದಿಸಿದರೆ ಜಗಳ ಮುಗಿಯಿತೆಂದು ಅರ್ಥ. ಹೊದ್ದವರು ಆಮೇಲೆ ಆ ವಿಷಯ ಎತ್ತಕೂಡದು. ಕೊರಳಪಟ್ಟಿಯ ಕಸೂತಿ ನೋಡಿದರೆ ಒಳ್ಳೆಯ ನಿಲುವಂಗಿಯೇ.

ಜೂರಾಕಾನ್ ಎರಡು ಹೆಜ್ಜೆ ಹಿಂದೆ ಸರಿದಳು. "ನನ್ಗೆ ಚಳಿ ಆಗ್ತಿಲ್ಲ," ಎಂದಳು.

ನಿಲುವಂಗಿ ಬೇಡವೆನ್ನುವುದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಹಾಗಾದರೆ ಏನು ಬೇಕು, ಕುರಿಯೇ, ಕುದುರೆಯೇ ಎಂದು ಇನ್ನೊಬ್ಬ ಹಿರಿಯ ರೇಗಿದ. ಅವಳು ಅವನ ಕಡೆ ತಿರುಗಲೇ ಇಲ್ಲ. ಮಾಮಾಸಾಲಿಯನ್ನೇ ನೋಡುತ್ತ ಹೇಳಿದಳು:

"ಎರಡು ಬೇಕು ಅಜ್ಜ. ಶುಕ್ರವಾರ ಎಲ್ಲಿ ನಿಂತು ನನ್ ಹೆಸರು ಹೇಳಿದ್ರೋ, ಈ ಶುಕ್ರವಾರ ಅಲ್ಲೇ ನಿಂತು ಇದನ್ನ ಹೇಳ್ಬೇಕು, ಅಷ್ಟೇ ಗಟ್ಟಿಯಾಗಿ. ಆಮೇಲೆ, ವರ್ಷಾ ವರ್ಷಾ ಮೊದಲ ಹಿಮ ಬಿದ್ದ ದಿನ ನೀವೇ ಬಂದು ಈ ಕೊಳವೆಗೆ ಬಾಯಿಟ್ಟು ಊದ್ಬೇಕು. ನಾನು ಕಿವಿ ಕೊಟ್ಟು ಕೇಳ್ತೀನಿ."

ಹಿರಿಯರು ಗೊಣಗಿದರು. ಎಪ್ಪತ್ತಾರು ವರ್ಷದವನು ಗಾಡಿಗೆ ಬಾಯಿಡುವುದೆಂದರೇನು? ಮಾಮಾಸಾಲಿ ಮಾತ್ರ ತುರ್ದುಬೆಕ್‌ನ ಕಾಲಿನ ಕಟ್ಟನ್ನು ಬಹಳ ಹೊತ್ತು ನೋಡಿದ. ಆಮೇಲೆ ಸೊಂಟದ ಪಟ್ಟಿಯಿಂದ ಕೀಲಿ ಬಿಚ್ಚಿ ಕುದುರೆಯ ಬಳಿಗೆ ಹೋಗಿ, ಅದನ್ನು ಅವನ ಕೈಗೆ ಕೊಟ್ಟ. ಜೂರಾಕಾನ್ ಕಡೆ ತಿರುಗಿ, "ಆಯ್ತು ಮಗಳೇ," ಎಂದ.

ಶುಕ್ರವಾರ ಹೇಳಿದ. ನಾನು ಅಂಗಳದ ಕೊನೆಯಲ್ಲಿದ್ದೆ, ಪ್ರತಿ ಅಕ್ಷರವೂ ಕೇಳಿಸಿತು. ಮುಂದಿನ ವಾರ ಬಿಚ್ಚಿಸಿಕೊಂಡು ಹೋಗಿದ್ದ ಮೂವರೂ ಗಾಡಿ ತಂದು ಸಾಲಾಗಿ ನಿಂತರು. ಕುರುಬನ ಒಂಬತ್ತನೇ ನಂಬರನ್ನು ಅವಳು ಕಡೆಯಲ್ಲಿ ಕೂರಿಸಿದಳು, ಅದೂ ಸಂಜೆಯವರೆಗೆ ಕಾಯಿಸಿ. ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ.

ಆ ವರ್ಷ ಮೊದಲ ಹಿಮ ಅಕ್ಟೋಬರ್ ಒಂಬತ್ತಕ್ಕೆ ಬಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಮಾಮಾಸಾಲಿ ಅಜ್ಜ ಬಿಳಿ ಟೋಪಿ ಹಾಕಿಕೊಂಡು, ಕೋಲೂರಿಕೊಂಡು ಕಚೇರಿಯ ಅಂಗಳಕ್ಕೆ ಬಂದ. ಹಿಂದೆ ಬಾತ್ಮಾ ಒಂದು ಸ್ಟೂಲು ಹಿಡಿದುಕೊಂಡು ಬಂದಳು. ಅಜ್ಜ ಅದರ ಮೇಲೆ ನಿಂತು ಗಡ್ಡವನ್ನು ಒಂದು ಕೈಯಲ್ಲಿ ಹಿಡಿದು, ಕೊಳವೆಯ ತುದಿಯನ್ನು ತೋಳಿನಿಂದ ಒರೆಸಿ, ಬಾಯಿಟ್ಟು ಊದಿದ. ಕೆಳಗೆ ಜೂರಾಕಾನ್ ಮುಚ್ಚಳ ತೆಗೆದು ಕಿವಿಯಿಟ್ಟು ಕೂತಿದ್ದಳು.

"ಕೇಳಿಸ್ತೇನಮ್ಮಾ?" ಅಜ್ಜ ಏದುಸಿರು ಬಿಡುತ್ತ ಕೇಳಿದ.

ಅವಳು ಕಿವಿ ತೆಗೆಯಲಿಲ್ಲ. "ಇನ್ನೊಂದ್ಸಲ ಊದಿ ಅಜ್ಜ," ಎಂದಳು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು.